ಫಿಲ್ಟರ್ ಖಾನೆಯಲ್ಲಿ ಸಿಕ್ಕಿಕೊಂಡ ಗಪ್ಪಿ
ನಿಮ್ಮ ಮೀನಿನ ತೊಟ್ಟಿಯ ಗಪ್ಪಿ (ಪುಟ್ಟ ಅಲಂಕಾರಿಕ ಮೀನು) ಹಿಂಬದಿಯ ಫಿಲ್ಟರ್ ಖಾನೆಯಲ್ಲಿ, ಅಂದರೆ ಪಂಪು, ಸ್ಪಂಜು ಇರುವ ಭಾಗದಲ್ಲಿ, ಸಿಕ್ಕಿಕೊಂಡಿದೆ, ಹೊರತೆಗೆಯುವುದು ಹೇಗೆ ಎಂದು ಕೇಳಿದ್ದೀರಿ. ಅದು ಅಲ್ಲಿಗೆ ಹೋಗಿದ್ದು ಬಹುಶಃ ತೊಟ್ಟಿಯಲ್ಲಿ ನೀರು ಅಂಚಿನ ತನಕ ಇದ್ದಿದ್ದಕ್ಕೆ; ನಡುವಿನ ತಡೆಗೋಡೆ ಹಾರಿರುತ್ತದೆ, ಇಲ್ಲವೇ ಅದರ ಸೀಳುಗಳಲ್ಲಿ ನುಸುಳಿರುತ್ತದೆ. ಮೊದಲು ಪಂಪು, ಹೀಟರ್ ಎರಡರ ಪ್ಲಗ್ಗನ್ನೂ ಕೀಳಿ. ಮೀನು ಪಂಪಿನ ಬಾಯಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಸೆಳೆತ ನಿಂತರೆ ತಾನೇ ಬಿಡಿಸಿಕೊಳ್ಳುತ್ತದೆ. ಸ್ಪಂಜನ್ನು ಇಷ್ಟಿಷ್ಟೇ ಮೇಲೆತ್ತಿ, ಹೆಚ್ಚಾಗಿ ಅದರ ಅಡಿಯಲ್ಲೇ ಅವಿತಿರುತ್ತದೆ. ರಭಸವಾಗಿ ಎತ್ತಿದರೆ ಗಾಜಿಗೆ ಉಜ್ಜಿ ಮೀನಿನ ಹುರುಪೆ ಕಿತ್ತುಬರಬಹುದು. ಬಲೆ ಹಿಡಿಸದಿದ್ದರೆ, ಸಣ್ಣ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ, ಅದರಿಂದ ಖಾನೆಯ ನೀರನ್ನು ಹೊರಕ್ಕೆ ಎಳೆದು, ಮೀನು ಮುಳುಗುವಷ್ಟು ಮಾತ್ರ ಉಳಿಸಿ. (ಹೀಟರ್ ಅಲ್ಲೇ ಇದ್ದರೆ ನೀರು ತೆಗೆಯುವ ಮೊದಲು ಅದು ತಣ್ಣಗಾಗುವ ತನಕ ಕಾಯಿರಿ, ನೀರಿನಿಂದ ಹೊರಬಂದರೆ ಅದರ ಬಿಸಿ ಗಾಜು ಸೀಳಬಹುದು.) ಆಮೇಲೆ ಪಾರದರ್ಶಕ ಲೋಟ ಓರೆಯಾಗಿ ಇಳಿಸಿ, ಕಡ್ಡಿಯಿಂದ ಮೀನನ್ನು ಅದರೊಳಕ್ಕೆ ಮೆಲ್ಲಗೆ ಸಾಗಿಸಿ. ತೊಟ್ಟಿಗೆ ಬಿಟ್ಟು, ದೀಪ ಆರಿಸಿ, ತೊಟ್ಟಿಯ ನೀರನ್ನು ಅಂಚಿನಿಂದ ಎರಡು ಬೆರಳು ಇಳಿಸಿ, ಸೀಳುಗಳಿಗೆ ಪ್ಲಾಸ್ಟಿಕ್ ಜಾಲರಿ ಸಿಕ್ಕಿಸಿ. ಖಾನೆಯಲ್ಲಿ ನೀರು ತುಂಬಿದ ಮೇಲೆ ಪಂಪು, ಹೀಟರ್ ಮತ್ತೆ ಹಾಕುವುದನ್ನು ಮರೆಯಬೇಡಿ.