ಚಾರಿಟಿ ರೈಡ್‌ಗೆ ಹೊಸ ಸೈಕಲ್ ಬೇಡ, ಮೊದಲು ದುಡ್ಡು ಕೂಡಿಸಿ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಚಾರಿಟಿ ಸೈಕಲ್ ರೈಡ್ ಇದೆ, ನನ್ನ ಹತ್ತಿರ ಇರುವುದು ಗೇರ್ ಇಲ್ಲದ ಸೈಕಲ್, ಹೊಸದು ಕೊಳ್ಳಲಾ ಇಲ್ಲ ಬಾಡಿಗೆಗೆ ತರಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಹಾದಿಯಲ್ಲಿ ಇಂಥದೇ ರೈಡ್‌ಗೆ ನಾನು ಅಪ್ಪನ ಹಳೆ ಸೈಕಲ್ ತಗೊಂಡು ಹೋಗಿದ್ದೆ. ಹೊರಡುವ ಮುಂಚೆ ನನ್ನ ತಲೆಯಲ್ಲೂ ಸೈಕಲ್ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಸೈಕಲ್ ನನಗೆ ಒಂದು ಚೂರೂ ಕೈ ಕೊಡಲಿಲ್ಲ. ಕೈ ಕೊಟ್ಟಿದ್ದು ನಾನು ಬರೆದುಕೊಂಡ ದೇಣಿಗೆ ಪಟ್ಟಿ.

ನಮ್ಮ ರೈಡ್ ನಡೆದದ್ದು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ನೀರಿನ ಫಿಲ್ಟರ್ ಹಾಕಿಸಲು. ಆ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ನಮ್ಮ ಜಿಲ್ಲೆಯವರಿಗೆ ಇದು ಹೊಸ ವಿಷಯವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಪರವಾಗಿಲ್ಲ ಅನ್ನುವುದು ನಮ್ಮ ದೇಶದ ಲೆಕ್ಕ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಅದನ್ನೇ ಕುಡಿದರೆ ಕೀಲು ಹಿಡಿಯುತ್ತದೆ, ಮೂಳೆ ಬಾಗುತ್ತದೆ. ಕಾಯಿಸಿ ಕುಡಿಯಿರಿ ಅಂತ ಸಲಹೆ ಕೊಡುವವರು ಇದ್ದಾರೆ, ಅದು ತಪ್ಪು. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಆರ್‌ಒ ಥರದ ಫಿಲ್ಟರ್ ಬೇಕು, ಅದಕ್ಕೆ ದುಡ್ಡು ಬೇಕು. ಅದಕ್ಕೇ ರೈಡ್.

ದುಡ್ಡು ಎತ್ತುವುದು ಹೇಗೆ? ಕಿಲೋಮೀಟರಿಗೆ ಇಷ್ಟು ಅಂತ ದೇಣಿಗೆ ಬರೆಸಿಕೊಳ್ಳಿ ಅಂತ ಆಯೋಜಕರು ಹೇಳಿದರು. ನಾನು ಒಂದು ನೋಟ್‌ಬುಕ್ ಹಿಡಿದು ಹೊರಟೆ. ಆಫೀಸಿನವರು, ನೆಂಟರು, ಬಿ.ಎಚ್. ರಸ್ತೆಯ ಪರಿಚಯದ ಅಂಗಡಿಯವರು, ಯಾರನ್ನೂ ಬಿಡಲಿಲ್ಲ. ಒಬ್ಬರು ಕಿಲೋಮೀಟರಿಗೆ 10 ರೂಪಾಯಿ ಅಂದರು, ಇನ್ನೊಬ್ಬರು 50 ಅಂದರು. ಎಲ್ಲರ ಮುಖದಲ್ಲೂ ಖುಷಿ ಇತ್ತು. ಬರೆದುಕೊಂಡೆ. ಕೂಡಿಸಿದೆ. ಆ ಮೊತ್ತವನ್ನು ಆಯೋಜಕರಿಗೆ ಒಪ್ಪಿಸಿದೆ.

ನನ್ನ ತಪ್ಪು ಇಲ್ಲೇ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೇಲಿಂದ ನೋಡಿದರೆ ಇದು ತಪ್ಪು ಅಂತಲೇ ಅನಿಸುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಮಾತು. ನಾನು ಅದನ್ನು ದುಡ್ಡು ಅಂತ ಒಪ್ಪಿಸಿದೆ. ಆಯೋಜಕರು ಪಾಪ, ನನ್ನಂಥವರು ಕೊಟ್ಟ ಮೊತ್ತಗಳನ್ನೆಲ್ಲ ಸೇರಿಸಿ, ಇಷ್ಟು ಬರುತ್ತದೆ ಅಂತ ನಂಬಿ ಫಿಲ್ಟರಿಗೆ ಮುಂಗಡ ಕೊಟ್ಟರು. ಬರೆಸಿಕೊಂಡ ದಿನ ಮೊಬೈಲ್ ಎಲ್ಲರ ಕೈಯಲ್ಲೇ ಇತ್ತು. ಈಗಲೇ ಹಾಕಿಬಿಡಿ ಅಂದಿದ್ದರೆ ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಹಾಕುತ್ತಿದ್ದರು. ಕೇಳಲು ನನಗೆ ಸಂಕೋಚವಾಯಿತು. ರೈಡ್ ಮುಗಿಸಿ, ಬೆವರು ಸುರಿಸಿ ಬಂದು ಕೇಳಿದರೆ ಗೌರವ ಅಂತ ಅಂದುಕೊಂಡೆ.

ರೈಡ್ ದಿನ ಚೆನ್ನಾಗಿಯೇ ಆಯಿತು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ಬೆಳಗಿನ ಜಾವದ ಚಳಿ. ಕಾಡಿನ ಹಾದಿಯಲ್ಲಿ ನಾಮದ ಚಿಲುಮೆಯ ಹತ್ತಿರ ಎಲ್ಲರೂ ನಿಂತೆವು. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಜಯಮಂಗಲಿ ನದಿ ಹುಟ್ಟುವುದೂ ಇದೇ ಬೆಟ್ಟಗಳಲ್ಲಿ. ನೀರಿಗಾಗಿ ಹೊರಟವರು ಇಂಥ ಜಾಗ ಹಾದು ಹೋಗುವುದು ನನಗೆ ತುಂಬ ಹಿಡಿಸಿತು. ಆಮೇಲೆ ಏರು. ತುಮಕೂರು ಇರುವುದು ಸಮುದ್ರಮಟ್ಟದಿಂದ 800 ಮೀಟರ್ ಚಿಲ್ಲರೆ ಎತ್ತರದಲ್ಲಿ, ದುರ್ಗದ ತುದಿ ಹತ್ತಿರ ಹತ್ತಿರ 1200. ನಾನು ಇಳಿದು ತಳ್ಳಿದೆ. ಗೇರ್ ಇದ್ದವರಲ್ಲೂ ಎಷ್ಟೋ ಜನ ಇಳಿದು ತಳ್ಳಿದರು. ಯಾರೂ ಯಾರನ್ನೂ ನೋಡಿ ನಗಲಿಲ್ಲ. ಭೋಗನರಸಿಂಹನ ಗುಡಿ ಹತ್ತಿರ ಕೂತು ಬಾಳೆಹಣ್ಣು ತಿಂದು, ಯೋಗನರಸಿಂಹನ ಬೆಟ್ಟದ ಕಡೆ ಕೈ ಮುಗಿದು ವಾಪಸ್ ಹೊರಟೆವು.

ಸೋಮವಾರದಿಂದ ವಸೂಲಿ ಶುರು. ಅರ್ಧ ಜನ ಕೇಳಿದ ತಕ್ಷಣ ಕೊಟ್ಟರು. ಕೆಲವರು ಸಂಬಳ ಬರಲಿ ಅಂದರು. ಒಬ್ಬರಿಗೆ ಅಷ್ಟರಲ್ಲಿ ವರ್ಗ ಆಗಿತ್ತು. ಇನ್ನೊಬ್ಬರು, ಬೆಟ್ಟದ ಮೇಲೆ ತುಳಿದ್ಯಾ, ತಳ್ಳಿದ್ಯಾ, ತಳ್ಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಕಾ ಅಂತ ಕೇಳಿದರು. ಅವರು ಕೆಟ್ಟವರಲ್ಲ. ಕಿಲೋಮೀಟರಿನ ಲೆಕ್ಕ ಮುಂದಿಟ್ಟವನು ನಾನು, ಅವರು ಆ ಲೆಕ್ಕವನ್ನೇ ಕೇಳಿದರು. ಆದರೆ ಮಾತು ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಹುಡುಗರು ಎಂಥ ನೀರು ಕುಡಿಯುತ್ತಾರೆ ಅನ್ನುವ ಮಾತು ಹೋಗಿ, ನನ್ನ ಕಾಲು ಎಷ್ಟು ದೂರ ತುಳಿಯಿತು ಅನ್ನುವ ಮಾತಾಯಿತು. ಎರಡು ಮೂರು ಸಲ ಕೇಳಿದ ಮೇಲೆ ನನಗೂ ಬಾಯಿ ಬರಲಿಲ್ಲ. ನನ್ನ ಹಾಗೆ ಬೇರೆ ಸವಾರರದ್ದೂ ಬಾಕಿ ಉಳಿಯಿತು.

ಬಾಕಿ ಸೇರದೆ ಫಿಲ್ಟರ್ ಬರಲಿಲ್ಲ. ಬೇಸಿಗೆ ರಜೆಯಲ್ಲೇ ಕೂರಿಸಿ, ಜೂನ್‌ನಲ್ಲಿ ಮಕ್ಕಳು ಬರುವ ಹೊತ್ತಿಗೆ ನಲ್ಲಿ ತಿರುಗಿಸಿದರೆ ಒಳ್ಳೆ ನೀರು ಬರಬೇಕು ಅನ್ನುವುದು ಎಲ್ಲರ ಆಸೆಯಾಗಿತ್ತು. ಕಡೆಗೆ ನಾವೊಂದಷ್ಟು ಜನ ಕೈಯಿಂದ ಹಾಕಿ ತುಂಬಿಸಿದೆವು, ಅದು ಬಂದು ಕೂತಿದ್ದು ದಸರಾ ರಜೆ ಮುಗಿದ ಮೇಲೆ. ಅಷ್ಟು ತಿಂಗಳು ಮಕ್ಕಳು ಅದೇ ನೀರು ಕುಡಿದರು. ಮನೆಯಿಂದ ತರೋಣ ಅಂದರೆ ಮನೆಯಲ್ಲೂ ಅದೇ ಬೋರ್‌ವೆಲ್ ನೀರು, ಅಲ್ವಾ? ನನ್ನ ಕೈಯಿಂದ ಹೋದ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ. ಆ ತಿಂಗಳುಗಳ ಬಗ್ಗೆ ಇವತ್ತಿಗೂ ಇದೆ.

ಅದಕ್ಕೇ ಹೇಳುತ್ತಿದ್ದೇನೆ, ಕಿಲೋಮೀಟರ್ ಲೆಕ್ಕದ ದೇಣಿಗೆಯನ್ನೇ ಬಿಡಿ. ಅದರಿಂದ ಜನಕ್ಕೆ ಹುರುಪು ಬರುತ್ತದೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನೀವು ಅರ್ಧ ದಾರಿಯಲ್ಲಿ ಪಂಕ್ಚರ್ ಆಗಿ ನಿಂತರೆ ಶಾಲೆಗೆ ಅರ್ಧ ಫಿಲ್ಟರ್ ಸಾಕಾ? ಒಂದೇ ಮೊತ್ತ ಕೇಳಿ, ಅದೂ ರೈಡ್‌ಗೆ ಮುಂಚೆ. ನಾವು ಸಿದ್ಧಗಂಗೆಯ ಊರಿನವರು. ಜೋಳಿಗೆ ಹಿಡಿದು ಬಂದವರಿಗೆ ನಮ್ಮ ಹಿರಿಯರು ರಾಗಿಯನ್ನೋ ಅಕ್ಕಿಯನ್ನೋ ಬಾಗಿಲಲ್ಲೇ ಹಾಕಿ ಕಳಿಸುತ್ತಿದ್ದರು, ಚೀಟಿಯಲ್ಲಿ ಬರೆದು ಕೊಡುತ್ತಿರಲಿಲ್ಲ. ಹಾಗೆ ಕೇಳಲು ನಾಚಿಕೆ ಬೇಡ. ದುಡ್ಡು ನಿಮ್ಮ ಖಾತೆಗೆ ಬರುವುದೂ ಬೇಡ, ನೇರ ಸಂಸ್ಥೆಯ ಖಾತೆಗೆ ಹೋಗಲಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರು ರಿಯಾಯಿತಿ ಸಿಗುತ್ತಾ ಅಂತ ಕೇಳುತ್ತಾರೆ. ಸಂಸ್ಥೆಗೆ ಆ ಮಾನ್ಯತೆ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಇದ್ದರೂ 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಇಲ್ಲ, ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಹಾಕಬೇಕು.

ಸೈಕಲ್ ವಿಷಯ ಇಷ್ಟೇ. ಹೋಗಿ ಬರಲು 30 ಕಿಲೋಮೀಟರ್ ಆಸುಪಾಸು, ಇರುವ ಸೈಕಲ್ಲೇ ಸಾಕು. ಬ್ರೇಕ್ ರಬ್ಬರ್ ಸವೆದಿದ್ದರೆ ಬದಲಾಯಿಸಿ, ಇದನ್ನು ಮಾತ್ರ ಮುಂದೂಡಬೇಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟರೆ, ಪೆಡಲ್ ಕೆಳಗಿರುವಾಗ ಕಾಲು ನೇರ ಆಗಬೇಕು. ಸೀಟು ತಗ್ಗಿದ್ದರೆ ಮಂಡಿ ನೋಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮುಂಚೆ ಒತ್ತಿ, ಬಿಡಿ, ಮತ್ತೆ ಒತ್ತಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ವಾಪಸ್ ಬಂದ ಮೇಲೆ ತಿನ್ನಿ, ಹೊಟ್ಟೆ ಬಿರಿಯ ತಿಂದು ಏರು ಹತ್ತಲು ಆಗುವುದಿಲ್ಲ. ಕಡಲೆಕಾಯಿ ಚಿಕ್ಕಿ ಜೇಬಿನಲ್ಲಿರಲಿ. ಬಾಳೆಹಣ್ಣು ಬ್ಯಾಗಿನ ಒಳಗಿರಲಿ, ದುರ್ಗದಲ್ಲಿ ಕೋತಿಗಳು ಜಾಸ್ತಿ.

ಹೊಸ ಸೈಕಲ್‌ಗೋ ಬಾಡಿಗೆಗೋ ಅಂತ ಎಷ್ಟು ಎತ್ತಿಟ್ಟಿದ್ದೀರೋ, ಅದರಲ್ಲಿ ಒಂದು ಪಾಲನ್ನು ಇವತ್ತೇ ದೇಣಿಗೆ ಖಾತೆಗೆ ಹಾಕಿ. ಹಾಕಿದ ರಸೀದಿ ಫೋನಿನಲ್ಲಿ ಇಟ್ಟುಕೊಂಡು, ನಾಳೆಯಿಂದ ಬೇರೆಯವರನ್ನು ಕೇಳಲು ಹೊರಡಿ.