ನೇಯದೇ ಬಟ್ಟೆ ಬರುವ ಮಗ್ಗ

ಮೂವತ್ತು ವರ್ಷ ಬಾಗಲಕೋಟೆಯಲ್ಲಿ ತತ್ವಶಾಸ್ತ್ರ ಪಾಠ ಮಾಡಿದೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, ‘ಸರ, ಸ್ವರ್ಗ ಐತೋ ಇಲ್ಲೋ ಅಷ್ಟ ಹೇಳಿಬಿಡ್ರಿ’ ಅನ್ನುತ್ತಿದ್ದ. ನಿವೃತ್ತಿಯಾದರೂ ಆ ಪ್ರಶ್ನೆ ಬೆನ್ನು ಬಿಟ್ಟಿಲ್ಲ, ಈಗ ವಾಟ್ಸಾಪಿನಲ್ಲಿ ಬರುತ್ತದೆ. ಅದು ನನ್ನ ಇಲಾಖೆಯಲ್ಲ ಎಂದು ಎಷ್ಟು ಸಲ ಬರೆಯಲಿ? ಓದುಗರು ಕಳಿಸಿದ ಈ ಸಲದ ಪತ್ರಗಳ ಕಟ್ಟಿನಲ್ಲಿ ಕೂತು ಯೋಚಿಸಬೇಕಾದದ್ದು ಒಂದೇ ಇತ್ತು. ಹೆಚ್ಚಿನ ಜಾಗ ಅದಕ್ಕೇ.

ಸ್ವರ್ಗದಲ್ಲಿ ದುಃಖವಿಲ್ಲ, ಸಾವಿಲ್ಲ, ಪಾಪ ಮಾಡಲು ಬರುವುದೇ ಇಲ್ಲ ಅನ್ನುತ್ತಾರೆ. ಹಾಗಾದರೆ ಅಲ್ಲಿ ನನಗೆ ಸ್ವಾತಂತ್ರ್ಯ ಎಲ್ಲಿ ಉಳಿಯಿತು? ಯಾವ ಕೊರತೆಯೂ ಇಲ್ಲದ ಬದುಕಿಗೆ ಅರ್ಥ ಎಲ್ಲಿಂದ ಬರಬೇಕು? – ಜಮಖಂಡಿಯ ಓದುಗರು

ಎರಡು ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಬಿಚ್ಚಿ ಬೇರೆ ಮಾಡುತ್ತೇನೆ.

ಮೊದಲು ಸ್ವಾತಂತ್ರ್ಯ. ನನ್ನ ಸೋದರಮಾವ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದ. ಸಾಹುಕಾರರು ರೇಷ್ಮೆ ಎಳೆಯನ್ನು ತೂಗಿ ಕೊಡುತ್ತಿದ್ದರು, ಬಟ್ಟೆಯನ್ನೂ ತೂಗಿಯೇ ತೆಗೆದುಕೊಳ್ಳುತ್ತಿದ್ದರು. ಒಂದಿಷ್ಟು ನೀರು ಚಿಮುಕಿಸಿದರೆ ತೂಕ ಸರಿಹೋಗುತ್ತದೆ, ಅಷ್ಟು ಎಳೆ ಮನೆಯಲ್ಲೇ ಉಳಿಯುತ್ತದೆ. ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಮಾವನಿಗೆ ಮಾತ್ರ ಅದು ಆಗುತ್ತಿರಲಿಲ್ಲ. ಒಲ್ಲೆ ಅಂತಲ್ಲ, ಕೈಯೇ ಹೋಗುತ್ತಿರಲಿಲ್ಲ. ನೀರು ಚಿಮುಕಿಸಿದವರಿಗಿಂತ ಅವನ ಸ್ವಾತಂತ್ರ್ಯ ಒಂದು ಕೈ ಕಡಿಮೆ ಅನ್ನುತ್ತೀರಾ? ಯಾವ ನ್ಯಾಯ ಇದು? ಕದಿಯಲು ಬಂದರೇ ಸ್ವತಂತ್ರ ಅನ್ನುವ ಕಲ್ಪನೆಯನ್ನು ಮೊದಲು ತಲೆಯಿಂದ ತೆಗೆಯಿರಿ. ಕ್ರೈಸ್ತ ಚಿಂತಕ ಸಂತ ಆಗಸ್ಟೀನ ಐದನೆಯ ಶತಮಾನದಲ್ಲೇ ಇದನ್ನು ಹೇಳಿದ್ದಾನೆ: ಪಾಪ ಮಾಡದೆ ಇರಬಲ್ಲೆ ಎಂಬುದು ಸಣ್ಣ ಸ್ವಾತಂತ್ರ್ಯ, ಪಾಪ ಮಾಡಲಾರೆ ಎಂಬುದು ದೊಡ್ಡದು.

ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲು ಹೀಗಿದೆ. ಮಾವ ಹಾಗೆ ಹುಟ್ಟಿ ಬಂದವನಲ್ಲ. ಸಾಲ ಇದ್ದಾಗ, ಮಗಳ ಮದುವೆ ಎದುರಿಗಿದ್ದಾಗ, ಒಂದೊಂದು ದಿನ ಒಲ್ಲೆ ಅನ್ನುತ್ತ ಅನ್ನುತ್ತ ಹಾಗಾದವನು. ಆ ‘ಲಾರೆ’ ಅವನ ಸ್ವಂತ ಗಳಿಕೆ. ಬಾಗಿಲಲ್ಲೇ ಯಾರೋ ನನ್ನ ಮನಸ್ಸನ್ನು ರಿಪೇರಿ ಮಾಡಿ ಒಳಗೆ ಬಿಟ್ಟರೆ ಒಳಗೆ ಹೋದದ್ದು ನಾನಲ್ಲ, ರಿಪೇರಿಯಾದ ಸಾಮಾನು. ಹಾಗೆ ಗಳಿಸಲು ದಿನವೇ ಸಿಗದೆ ತೊಟ್ಟಿಲಲ್ಲೇ ಹೋದ ಕೂಸಿನ ಗತಿ ಏನು ಎಂದು ಕೇಳಿದರೆ ಆಗಸ್ಟೀನ ಕೊಟ್ಟ ಕಠೋರ ಉತ್ತರ ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಮಾತು. ‘ಪಾಪ ಮಾಡಲು ಬರುವುದೇ ಇಲ್ಲ’ ಅನ್ನುವ ಸ್ವರ್ಗ ನಮ್ಮ ಪುರಾಣದ್ದಲ್ಲ. ತಪಸ್ಸಿನಲ್ಲಿ ನನಗೆ ಸಮ ಯಾರೂ ಇಲ್ಲ ಎಂದು ಇಂದ್ರನ ಎದುರಿಗೆ ಕೊಚ್ಚಿಕೊಂಡ ಯಯಾತಿ ಅಲ್ಲಿಂದಲೇ ಕೆಳಗೆ ಬಿದ್ದ. ಆ ಊರಲ್ಲಿ ತಪ್ಪು ಮಾಡುವ ಸ್ವಾತಂತ್ರ್ಯಕ್ಕೆ ಬರ ಇಲ್ಲ. ಬರ ಇರುವುದು ಬೇರೆಯದಕ್ಕೆ.

ಯಾವುದಕ್ಕೆ ಎಂದು ತಿಳಿಯಲು ಮಹಾಭಾರತದ ವನಪರ್ವದ ಮುದ್ಗಲನ ಹತ್ತಿರ ಹೋಗಬೇಕು. ಕುರುಕ್ಷೇತ್ರದಲ್ಲಿ ಕೊಯ್ದ ಹೊಲದಲ್ಲಿ ಬಿದ್ದ ಕಾಳು ಆಯ್ದು ಬದುಕುತ್ತಿದ್ದ ಬಡವ. ದುರ್ವಾಸ ಆರು ಸಲ ಬಂದು ಇದ್ದದ್ದನ್ನೆಲ್ಲ ಉಂಡು ಹೋದರೂ ಹುಬ್ಬು ಗಂಟಿಕ್ಕಲಿಲ್ಲ. ಮೆಚ್ಚಿ ದೇವದೂತ ವಿಮಾನ ತಂದ. ನಾವಾಗಿದ್ದರೆ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕುತ್ತಿದ್ದೆವು. ಮುದ್ಗಲ ಕೇಳಿದ: ಅಲ್ಲಿಯ ಗುಣ ಏನು, ದೋಷ ಏನು, ಎರಡೂ ಹೇಳು. ಪುಣ್ಯಕ್ಕೆ ದೂತ ಏಜೆಂಟನಲ್ಲ. ಸುಖಗಳನ್ನೆಲ್ಲ ಹೇಳಿ ಮುಗಿಸಿ ನಿಜವನ್ನೂ ಹೇಳಿದ: ಅಲ್ಲಿ ಮಾಡಿದ್ದನ್ನು ಉಣ್ಣಬಹುದು, ಹೊಸದಾಗಿ ಮಾಡಲು ಏನೂ ಇಲ್ಲ. ಇದು ಕರ್ಮಭೂಮಿ, ಅದು ಫಲಭೂಮಿ. ಮುದ್ಗಲ ಕೈಮುಗಿದು ವಿಮಾನವನ್ನು ವಾಪಸು ಕಳಿಸಿ ಮತ್ತೆ ಕಾಳು ಆಯಲು ಹೋದ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಅರ್ಥಕ್ಕೆ ಕೊರತೆ ಬೇಕು, ನೋವು ಬೇಕು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಥವರಿಗೆ ಬಹುಶಃ ಹಲ್ಲುನೋವು ಬಂದಿಲ್ಲ. ಮಾವನ ಕುಣಿಮಗ್ಗದಲ್ಲಿ ಎಳೆ ಹರಿದರೆ ಲಾಳಿ ನಿಲ್ಲುತ್ತಿತ್ತು. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡೂ ತುದಿಗಳನ್ನು ಬೆಳಕಿಗೆ ಹಿಡಿದು ಹೊಸೆಯುತ್ತಿದ್ದ. ಬೈಗುಳ ನಮ್ಮ ಮನೆತನಕ ಕೇಳಿಸುತ್ತಿತ್ತು. ಸಂಜೆತನಕ ಒಂದೂ ಎಳೆ ಹರಿಯದ ದಿನಗಳೂ ಇದ್ದವು. ಅಂದು ಭಜನೆಯ ಪದ ಗುನುಗುತ್ತ ನೇಯುತ್ತಿದ್ದ. ಆ ದಿನದ ಖಣದ ಅರ್ಥ ಕಡಿಮೆಯಾಯಿತೇನು? ಇಲ್ಲ. ಆದರೆ ಅವನು ನೇಯ್ದರೂ ನೇಯದಿದ್ದರೂ ಸಂಜೆಗೆ ಅಷ್ಟೇ ಬಟ್ಟೆ ಬರುತ್ತದೆ ಎಂದಾಗಿದ್ದರೆ? ಮರುದಿನ ಮಗ್ಗದ ಕುಣಿಗೆ ಇಳಿಯುತ್ತಲೇ ಇರಲಿಲ್ಲ. ಫಲಭೂಮಿಯ ತೊಂದರೆ ಅಲ್ಲಿ ನೋವಿಲ್ಲ ಎಂಬುದಲ್ಲ. ನಾನು ಕೈ ಹಾಕಿದರೂ ಹಾಕದಿದ್ದರೂ ಅಲ್ಲಿ ಏನೂ ಬದಲಾಗುವುದಿಲ್ಲ, ಅದು ತೊಂದರೆ.

ಕೂಡಲಸಂಗಮಕ್ಕೆ ಹೋಗಿ ಬಂದವರೆಲ್ಲ ಮರ್ತ್ಯಲೋಕ ಕರ್ತಾರನ ಕಮ್ಮಟ ಎಂಬ ಬಸವಣ್ಣನವರ ಮಾತನ್ನು ಹೇಳುತ್ತಾರೆ. ಕಮ್ಮಟ ಅಂದರೇನು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ನಾಣ್ಯ ಅಚ್ಚು ಹಾಕುವ ಜಾಗ ಅದು. ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುತ್ತಾರೆ ಎಂದರೆ ಅಲ್ಲಿ ನಡೆಯುವುದು ಚಲಾವಣೆ, ಅಚ್ಚು ಬೀಳುವುದು ಇಲ್ಲಿ. ದೂತನ ಮಾತಿಗೆ ಇದು ಎಷ್ಟು ಹತ್ತಿರ ನೋಡಿ. ಮಧ್ವಮತದವರು ಬೇರೆ ದಾರಿ ಹಿಡಿಯುತ್ತಾರೆ: ಮುಕ್ತರೂ ಅಲ್ಲಿ ಪೂಜೆ ಮಾಡುತ್ತಾರೆ, ಫಲಕ್ಕಲ್ಲ, ಆನಂದಕ್ಕೆ. ಆನಂದದಲ್ಲೂ ತಾರತಮ್ಯ ಉಂಟು. ಚರಿಗಿಯೂ ತುಂಬಿದೆ, ಕೊಡವೂ ತುಂಬಿದೆ, ಒಂದಕ್ಕೊಂದು ಹೊಟ್ಟೆಕಿಚ್ಚಿಲ್ಲ. ಪರಿಪೂರ್ಣ ಪರಲೋಕದಲ್ಲಿ ಮಾಡಲು ಏನಾದರೂ ಉಳಿಸಿದ ಲೆಕ್ಕಗಳಲ್ಲಿ ನನಗೆ ಇದು ಹಿಡಿಸುತ್ತದೆ. ಒಪ್ಪಿಬಿಟ್ಟಿದ್ದೇನೆ ಅಂತಲ್ಲ.

‘ಅನಂತಕಾಲ ಇದ್ದರೆ ಬೇಸರ ಬರುವುದಿಲ್ಲವೇ’ ಎಂದೂ ಕೊನೆಯಲ್ಲಿ ಸೇರಿಸಿದ್ದೀರಿ. ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದೇ ವಾದ ಹೂಡಿದ. 342 ವರ್ಷ ಬದುಕಿ ಎಲ್ಲಕ್ಕೂ ಮರಗಟ್ಟಿಹೋದ ಹೆಣ್ಣೊಬ್ಬಳ ಕತೆ ಅವನ ಆಧಾರ. ಚೆಕ್ ಲೇಖಕ ಕಾರೆಲ್ ಚಾಪೆಕ್‌ನ ನಾಟಕದ್ದು. ನಾನು ನಾನಾಗಿಯೇ ಉಳಿದರೆ ಒಂದು ದಿನ ಆಸೆಗಳೆಲ್ಲ ತೀರುತ್ತವೆ, ಬದಲಾಗುತ್ತ ಹೋದರೆ ಕೊನೆಗೆ ಇರುವವನು ನಾನಲ್ಲ ಎಂಬುದು ಅವನ ಇಕ್ಕಟ್ಟು. ಜಾಣ ವಾದ. ಆದರೆ ಅರವತ್ತೆಂಟು ವರ್ಷದಿಂದ ಜೋಳದ ರೊಟ್ಟಿ ತಿನ್ನುತ್ತಿದ್ದೇನೆ, ನಾಳೆಯೂ ಬೇಕು. ಕೆಲವು ಆಸೆ ತೀರುತ್ತವೆ, ಕೆಲವು ಹಸಿವಿನಂತೆ ಮರಳಿ ಬರುತ್ತವೆ. ವಿಲಿಯಮ್ಸ್ ಎರಡನೆಯ ಜಾತಿಯನ್ನು ಸಾಕಷ್ಟು ಎಣಿಸಲಿಲ್ಲ.

ಆತ್ಮದ ತೂಕ 21 ಗ್ರಾಂ ಎಂದು ವಿಜ್ಞಾನ ಒಪ್ಪಿದೆಯಂತೆ, ನಿಜವೇ? – ಗೋಕಾಕ

ಅಲ್ಲ. ಅಮೆರಿಕದ ವೈದ್ಯನೊಬ್ಬ ಸಾಯುತ್ತಿದ್ದ ಆರು ಜನರನ್ನು ತೂಗಿ 1907ರಲ್ಲಿ ಲೆಕ್ಕ ಪ್ರಕಟಿಸಿದ, ಒಬ್ಬರಲ್ಲಿ ಬಂದ ಅಂಕಿ ಅದು. ಇದನ್ನು ನನಗೆ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.

ಹಿಂದಿನ ಜನ್ಮ ತೋರಿಸುವ ಎರಡು ದಿನದ ಶಿಬಿರಕ್ಕೆ ಹೋಗಬಹುದೇ? – ಬೆಳಗಾವಿ

ಹಿಂದಿನ ಜನ್ಮದಲ್ಲಿ ಎಲ್ಲರೂ ರಾಜ, ರಾಣಿ, ಸೇನಾಪತಿ; ಕುಣಿಮಗ್ಗದಲ್ಲಿ ಕೂತವನು ಒಬ್ಬನೂ ಇಲ್ಲ. ಫೀಸು ಉಳಿಸಿ.

ನಮ್ಮ ಯಜಮಾನರು ತೀರಿ ಎಂಟು ತಿಂಗಳಾಯಿತು. ಅಲ್ಲಿ ಅವರು ನನ್ನ ಗುರುತು ಹಿಡಿಯುತ್ತಾರೆಯೇ? – ಇಂಡಿ

ಅಕ್ಕಾರೆ, ಧರ್ಮರಾಯನೂ ಸ್ವರ್ಗಕ್ಕೆ ಕಾಲಿಟ್ಟ ಕೂಡಲೇ ತನ್ನವರೆಲ್ಲಿ ಎಂದು ಹುಡುಕಿದ. ಸಿಂಹಾಸನದ ಮೇಲೆ ದುರ್ಯೋಧನ ಕೂತಿದ್ದ, ತಮ್ಮಂದಿರು ಇರಲಿಲ್ಲ, ದ್ರೌಪದಿ ಇರಲಿಲ್ಲ. ಅವರ ದನಿ ನರಕದ ಕತ್ತಲಲ್ಲಿ ಕೇಳಿಸಿದಾಗ, ನಾನು ಇಲ್ಲೇ ಇರುತ್ತೇನೆ, ನೀನು ಹೋಗು ಎಂದು ದೂತನನ್ನು ಕಳಿಸಿಬಿಟ್ಟ. ಗದುಗಿನ ನಾರಣಪ್ಪ ಹತ್ತು ಪರ್ವಕ್ಕೇ ನಿಲ್ಲಿಸಿದ್ದರಿಂದ ಈ ಭಾಗ ನಮ್ಮ ಕಡೆ ಓದಿಸುವುದು ಕಡಿಮೆ. ನಿಮ್ಮ ಊರಲ್ಲಿ ಓದುವವರಿದ್ದರೆ ಸ್ವರ್ಗಾರೋಹಣ ಪರ್ವವನ್ನು ಓದಿಸಿ ಕೇಳಿರಿ. ಯಜಮಾನರ ಜೊತೆ ಮಾತಾಡಿಸುತ್ತೇನೆ ಎಂದು ಒಬ್ಬರು ಐದು ಸಾವಿರ ಕೇಳಿದ್ದಾರೆಂದು ಬರೆದಿದ್ದೀರಿ. ಅವರಿಗೆ ಚಹಾ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.