ಹೆಡ್‌ಫೋನ್ ಆಂಪ್‌ಗೆ ಬ್ಯಾಲೆನ್ಸ್ಡ್ ಡ್ಯಾಕ್ ಬೇಕೇ? ಬೇಕಾದರೆ ಎಂಥದ್ದು?

ನೀವು ಕೇಳಿದ್ದು ಇಷ್ಟು: ತೀರ್ಥಹಳ್ಳಿ ಹತ್ತಿರ ಮನೆ, ಡೆಸ್ಕ್‌ಟಾಪ್ ಕಂಪ್ಯೂಟರ್, ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್, ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಇನ್‌ಪುಟ್ ಇರುವ ಆಂಪ್. ಈಗಿನ ಡ್ಯಾಕ್‌ನಲ್ಲಿ (ಕಂಪ್ಯೂಟರ್‌ನ ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಆರ್‌ಸಿಎ (ಒಂದು ನಡುಪಿನ್, ಸುತ್ತ ಹೊರಕವಚ ಇರುವ ಮಾಮೂಲಿ ಸಾಕೆಟ್) ಮಾತ್ರ ಇದೆ, ಸಣ್ಣಗೆ ಗುಂಯ್ ಅನ್ನುತ್ತದೆ. ಬ್ಯಾಲೆನ್ಸ್ಡ್ (ಸಿಗ್ನಲ್ಲನ್ನು ಒಂದಕ್ಕೊಂದು ವಿರುದ್ಧವಾಗಿ ಎರಡು ತಂತಿಗಳಲ್ಲಿ ಕಳಿಸುವಂಥದ್ದು) ತಗೊಂಡರೆ ಹೋಗುತ್ತದಾ, ಸೌಂಡೂ ಸುಧಾರಿಸುತ್ತದಾ?

ಗುಂಯ್ ಹೋಗುವ ಸಾಧ್ಯತೆ ಚೆನ್ನಾಗಿದೆ. ಸೌಂಡ್ ಸುಧಾರಿಸುತ್ತದೆ ಅನ್ನುವ ಆಸೆ ಬೇಡ. ದುಡ್ಡು ಬಿಚ್ಚುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡಿ.

ಹಾಡು ನಿಲ್ಲಿಸಿ, ಆಂಪ್‌ನ ವಾಲ್ಯೂಮ್ ಸೊನ್ನೆಗೆ ತನ್ನಿ. ಆಗಲೂ ಗುಂಯ್ ಅಷ್ಟೇ ಇದ್ದರೆ ಅದು ಆಂಪ್‌ನ ಒಳಗಿನದು, ಯಾವ ಡ್ಯಾಕ್ ತಂದರೂ ಹೋಗುವುದಿಲ್ಲ. ವಾಲ್ಯೂಮ್ ಏರಿಸಿದ ಹಾಗೆ ಏರಿದರೆ ಇನ್‌ಪುಟ್ ಕಡೆಯಿಂದ ಬರುತ್ತಿದೆ. ಆಮೇಲೆ ಡ್ಯಾಕ್‌ನಿಂದ ಕಂಪ್ಯೂಟರ್‌ನ ಯುಎಸ್‌ಬಿ ಕಿತ್ತು, ಒಟಿಜಿ ಅಡಾಪ್ಟರ್ ಹಾಕಿ ಚಾರ್ಜರ್ ಇಲ್ಲದ ಮೊಬೈಲ್‌ಗೆ ಸಿಕ್ಕಿಸಿ. ಸದ್ದು ಮಾಯವಾದರೆ ಗ್ರೌಂಡ್ ಲೂಪ್ ಖಾತ್ರಿ. ಕಂಪ್ಯೂಟರ್‌ಗೂ ಆಂಪ್‌ಗೂ ಮೂರು ಪಿನ್ನಿನ ಪ್ಲಗ್ ಇರುತ್ತದೆ. ಎರಡರ ಅರ್ಥ್ ಗೋಡೆಯೊಳಗೆ ಒಮ್ಮೆ ಸೇರುತ್ತದೆ, ಯುಎಸ್‌ಬಿ ಮತ್ತು ಆರ್‌ಸಿಎಯ ಹೊರಕವಚದ ಮೂಲಕ ಇನ್ನೊಮ್ಮೆ ಸೇರುತ್ತದೆ. ಆ ಸುತ್ತಿನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟೇ ನಿಮಗೆ ಕೇಳುವ ಗುಂಯ್. ಮೌಸ್ ಅಲ್ಲಾಡಿಸಿದಾಗ ಕಿರ್ ಅನ್ನುವುದೂ ಸಾಮಾನ್ಯವಾಗಿ ಇದೇ ದಾರಿಯಲ್ಲಿ ಬರುತ್ತದೆ.

ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ, ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ; ಸದ್ದಿನ ಜೊತೆ ನೀವೂ ಹೋಗಬಹುದು. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ಥ್ ಗುಂಡಿ ಒಣಗಿ ಕೆಲಸ ಬಿಡುತ್ತದೆ, ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ನೋಡಿಸಿ. ಕಂಪ್ಯೂಟರ್‌ನಲ್ಲಿ ಆಪ್ಟಿಕಲ್ ಔಟ್ ಇದ್ದು, ಡ್ಯಾಕ್‌ನಲ್ಲಿ ಆಪ್ಟಿಕಲ್ ಇನ್ ಇದ್ದರೆ ಒಂದು ಟಾಸ್‌ಲಿಂಕ್ ಕೇಬಲ್ ಹಾಕಿ. ಅದರಲ್ಲಿ ತಾಮ್ರವೇ ಇಲ್ಲ, ಲೂಪ್ ತುಂಡಾಗುತ್ತದೆ. 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಅದೂ ಇಲ್ಲದಿದ್ದರೆ ಈಗಿನ ಡ್ಯಾಕ್ ಇಟ್ಟುಕೊಂಡೇ ಇನ್ನೊಂದು ದಾರಿ ಇದೆ. ಎರಡು ಕೋರ್ ಮತ್ತು ಶೀಲ್ಡ್ ಇರುವ ಮೈಕ್ ಕೇಬಲ್ ತಗೊಳ್ಳಿ. ಒಂದು ಕೋರ್ ಆರ್‌ಸಿಎಯ ನಡುಪಿನ್‌ನಿಂದ ಎಕ್ಸ್‌ಎಲ್‌ಆರ್‌ನ 2ನೇ ಪಿನ್‌ಗೆ. ಇನ್ನೊಂದು ಕೋರ್ ಆರ್‌ಸಿಎಯ ಹೊರಕವಚದಿಂದ 3ನೇ ಪಿನ್‌ಗೆ. ಶೀಲ್ಡ್ ಅದೇ ಹೊರಕವಚದಿಂದ 1ನೇ ಪಿನ್‌ಗೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕೇಬಲ್‌ಗಳಲ್ಲಿ 1 ಮತ್ತು 3ನ್ನು ಎಕ್ಸ್‌ಎಲ್‌ಆರ್ ತುದಿಯಲ್ಲೇ ಸೇರಿಸಿರುತ್ತಾರೆ, ಹಾಗಾಗಿ ಅಂಥವುಗಳಿಂದ ಪ್ರಯೋಜನವಿಲ್ಲ. ಅವೆರಡೂ ಆರ್‌ಸಿಎ ತುದಿಯಲ್ಲಷ್ಟೇ ಸೇರಬೇಕು. ಆಗ ಆಂಪ್ 2 ಮತ್ತು 3ರ ವ್ಯತ್ಯಾಸವನ್ನಷ್ಟೇ ತಗೊಳ್ಳುತ್ತದೆ, ಶೀಲ್ಡ್‌ನಲ್ಲಿ ಹರಿಯುವ ಗುಂಯ್ ಬಹುಪಾಲು ಹೊರಗೇ ಉಳಿಯುತ್ತದೆ.

ಆದರೆ ನಿಮ್ಮ ಆಂಪ್‌ನ ಎಕ್ಸ್‌ಎಲ್‌ಆರ್ ನಿಜವಾದದ್ದೋ ಬರೀ ಶೋಕಿಗೋ ನೋಡಿಕೊಳ್ಳಬೇಕು. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಮಲ್ಟಿಮೀಟರ್ ಕಂಟಿನ್ಯೂಟಿಗೆ ಇಟ್ಟು ಇನ್‌ಪುಟ್ ಸಾಕೆಟ್‌ನ 1 ಮತ್ತು 3ನೇ ತೂತಿಗೆ ತಾಗಿಸಿ (ಸಂಖ್ಯೆ ಪಕ್ಕದಲ್ಲೇ ಸಣ್ಣಗೆ ಕೊರೆದಿರುತ್ತದೆ). ಬೀಪ್ ಬಂದರೆ 3ನೇ ಪಿನ್ ಗ್ರೌಂಡಿಗೆ ಹೋಗಿದೆ, ಅದು ಬ್ಯಾಲೆನ್ಸ್ಡ್ ಇನ್‌ಪುಟ್ಟೇ ಅಲ್ಲ. ಬೀಪ್ ಬರದಿದ್ದರೆ ಮುಂದುವರಿಯಿರಿ. ಒಳಗೆ ಮತ್ತೆ ಸಿಂಗಲ್ ಎಂಡೆಡ್ (ಆರ್‌ಸಿಎ ಥರ ಒಂದೇ ಸಿಗ್ನಲ್) ಮಾಡಿಕೊಳ್ಳುವ ಆಂಪ್‌ಗಳನ್ನು ಕೆಲವರು ಕೀಳಾಗಿ ಕಾಣುತ್ತಾರೆ. ಗುಂಯ್ ಕಳೆಯುವ ಕೆಲಸ ಇನ್‌ಪುಟ್‌ನಲ್ಲೇ ಮುಗಿದಿರುವುದರಿಂದ ಅದರಲ್ಲಿ ಕಡಿಮೆ ಏನಿಲ್ಲ.

ಇಷ್ಟಾದ ಮೇಲೂ ಹೊಸ ಡ್ಯಾಕ್ ಬೇಕೆಂದರೆ ಮೊದಲು ವೋಲ್ಟೇಜ್ ನೋಡಿ. ಆರ್‌ಸಿಎಯಲ್ಲಿ ಸಾಮಾನ್ಯವಾಗಿ 2 ವೋಲ್ಟ್, ಎಕ್ಸ್‌ಎಲ್‌ಆರ್‌ನಲ್ಲಿ 4 ವೋಲ್ಟ್, ಅಂದರೆ 6 ಡೆಸಿಬಲ್ ಜಾಸ್ತಿ. ‘ಬ್ಯಾಲೆನ್ಸ್ಡ್ ಹಾಕಿದ ಕೂಡಲೇ ಜೀವ ಬಂತು’ ಅನ್ನುವವರಲ್ಲಿ ಹೆಚ್ಚಿನವರು ಕೇಳುತ್ತಿರುವುದು ಈ 6 ಡೆಸಿಬಲ್ಲನ್ನು. ನಿಮ್ಮ ಎಚ್‌ಡಿ 650 ಒಂದು ವೋಲ್ಟ್‌ಗೆ 103 ಡೆಸಿಬಲ್ ಕೊಡುತ್ತದೆ. 4 ವೋಲ್ಟ್ ಸಿಕ್ಕರೆ 115, ಕಿವಿಗೆ ಅಪಾಯವಾಗುವಷ್ಟು. 300 ಓಮ್‌ಗೆ ಅದು ಬರೀ 53 ಮಿಲಿವಾಟ್. ಇಷ್ಟು ಶಕ್ತಿಗೆ ಆಂಪ್‌ನ ನಾಲ್ಕು ಪಿನ್ನಿನ ಬ್ಯಾಲೆನ್ಸ್ಡ್ ಹೆಡ್‌ಫೋನ್ ಔಟ್‌ಪುಟ್ಟೂ ಬೇಕಾಗಿಲ್ಲ. ಆಂಪ್‌ನ ಮ್ಯಾನ್ಯುಯಲ್‌ನಲ್ಲಿ ‘ಗರಿಷ್ಠ ಇನ್‌ಪುಟ್’ 4 ವೋಲ್ಟ್‌ಗಿಂತ ಕಡಿಮೆ ಇದ್ದರೆ ಔಟ್‌ಪುಟ್ ತಗ್ಗಿಸಲು ಬರುವ ಡ್ಯಾಕ್ ಆರಿಸಿ, ಇಲ್ಲವಾದರೆ ಜೋರು ಭಾಗಗಳಲ್ಲಿ ಸ್ವರ ಒಡೆಯುತ್ತದೆ. ಮುಂದೆ ಇಯರ್‌ಫೋನ್ ಹಾಕುವ ಅಂದಾಜಿದ್ದರೂ ಅದು ಬೇಕು. 4 ವೋಲ್ಟ್ ಒಳಗೆ ಹೋದರೆ ನಾಬ್ ಅಲುಗಿಸಿದ ಕೂಡಲೇ ಜೋರಾಗುತ್ತದೆ, ಆ ಕೆಳಗಿನ ಜಾಗದಲ್ಲಿ ಎಡಬಲ ಸಮ ಬರುವುದಿಲ್ಲ.

ಚಿಪ್ ಯಾವುದು ಅಂತ ತಲೆಕೆಡಿಸಿಕೊಳ್ಳಬೇಡಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದ ಮೇಲೆ ಎಷ್ಟೋ ಡ್ಯಾಕ್‌ಗಳು ಇಎಸ್‌ಎಸ್ ಚಿಪ್‌ಗೆ ಬದಲಾದವು, ಕೇಳುವವರ ಲೋಕವೇನೂ ಮುಳುಗಲಿಲ್ಲ. ಇಂಥ ಚಿಪ್‌ಗಳು ಹುಟ್ಟಾ ಎರಡು ವಿರುದ್ಧ ಸಿಗ್ನಲ್ ಕೊಡುತ್ತವೆ. ಆರ್‌ಸಿಎ ಡ್ಯಾಕ್ ಅವನ್ನು ಒಂದು ಮಾಡಿ ಕೊಡುತ್ತದೆ, ಬ್ಯಾಲೆನ್ಸ್ಡ್ ಡ್ಯಾಕ್ ಎರಡನ್ನೂ ಹೊರಗೆ ಬಿಡುತ್ತದೆ.

ನಮ್ಮ ಕಡೆಗೆ ನಾನು ಹೆಚ್ಚು ತೂಕ ಕೊಡುವುದು ಪವರ್ ಸಪ್ಲೈಗೆ. ಹೊರಗಿನ 5 ಅಥವಾ 12 ವೋಲ್ಟ್ ಅಡಾಪ್ಟರ್ ಇರುವುದನ್ನೇ ತಗೊಳ್ಳಿ. ಏಪ್ರಿಲ್-ಮೇ ಗುಡುಗಿಗೆ ಲೈನಿನಲ್ಲಿ ಹೊಡೆತ ಬಂದರೆ ಹೆಚ್ಚಾಗಿ ಮೊದಲು ಸುಡುವುದು ಅಡಾಪ್ಟರ್, ಅದು ಪೇಟೆಯಲ್ಲಿ ಸಿಗುತ್ತದೆ. 230 ವೋಲ್ಟ್ ನೇರ ಒಳಗೆ ಹೋಗುವ ಡ್ಯಾಕ್ ಸುಟ್ಟರೆ ಇಡೀ ಪೆಟ್ಟಿಗೆ ಊರು ಬಿಟ್ಟು ರಿಪೇರಿಗೆ ಹೋಗಬೇಕು. ಗುಡುಗು ಶುರುವಾದರೆ ಪ್ಲಗ್ ಜೊತೆ ಯುಎಸ್‌ಬಿಯನ್ನೂ ಕೀಳಿ. ಇಂಟರ್ನೆಟ್ ಫೈಬರ್ ಆಗಿದ್ದರೂ ರೂಟರ್‌ನ ಅಡಾಪ್ಟರ್ ಮತ್ತು ಲ್ಯಾನ್ ಕೇಬಲ್ ತಾಮ್ರವೇ, ಹೊಡೆತ ಕಂಪ್ಯೂಟರ್ ದಾಟಿ ಡ್ಯಾಕ್‌ವರೆಗೂ ಬರಬಹುದು. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಗುರ್ ಅನ್ನುತ್ತದೆ, ಅದಕ್ಕೆ ಡ್ಯಾಕ್ ಹೊಣೆಯಲ್ಲ.

ಸಾಕೆಟ್ಟನ್ನೂ ನೋಡಿಕೊಳ್ಳಿ. ಟಾಪಿಂಗ್ ಇ50 ಥರದ ಸಣ್ಣ ಡ್ಯಾಕ್‌ಗಳಲ್ಲಿ ಬ್ಯಾಲೆನ್ಸ್ಡ್ ಔಟ್ ಇರುವುದು 6.35 ಎಂಎಂ ಟಿಆರ್‌ಎಸ್‌ನಲ್ಲಿ (ತುದಿ, ಉಂಗುರ, ಬುಡ ಅಂತ ಮೂರು ಭಾಗ ಇರುವ ದಪ್ಪ ಜಾಕ್). ಅದಕ್ಕೆ ಟಿಆರ್‌ಎಸ್‌ನಿಂದ ಎಕ್ಸ್‌ಎಲ್‌ಆರ್ ಮೇಲ್‌ಗೆ (ಪಿನ್ ಇರುವ ತುದಿಗೆ) ಹೋಗುವ ಎರಡು ಕೇಬಲ್ ಬೇಕು: ತುದಿ 2ಕ್ಕೆ, ಉಂಗುರ 3ಕ್ಕೆ, ಬುಡ 1ಕ್ಕೆ. ಒಂದು ಮೀಟರ್ ಸಾಕು. ಒಂದೇ ಕಡೆ 2 ಮತ್ತು 3 ಅದಲು ಬದಲಾದರೆ ಸದ್ದು ಬರುತ್ತದೆ, ಆದರೆ ನಡುನೆತ್ತಿಯಲ್ಲಿ ನಿಲ್ಲಬೇಕಾದ ಹಾಡುವವರ ದನಿ ಎರಡು ಕಿವಿಗೂ ಚದುರಿ ಟೊಳ್ಳಾಗಿ ಕೇಳುತ್ತದೆ. ಹಾಗೆ ಅನಿಸಿದರೆ ಕನೆಕ್ಟರ್ ಬಿಚ್ಚಿ ಬೆಸುಗೆ ನೋಡಿ. ಮಳೆಗಾಲ ಕಳೆದ ಮೇಲೆ ಒಂದು ಕಡೆ ಕರಕರ ಅನ್ನತೊಡಗಿದರೆ ಪಿನ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ನಾಲ್ಕೈದು ಸಲ ಹಾಕಿ ತೆಗೆಯಿರಿ.

ಕೊನೆಗೆ ಒಂದು ಎಚ್ಚರಿಕೆ: ಆಂಪ್‌ನ ನಾಲ್ಕು ಪಿನ್ನಿನ ಹೆಡ್‌ಫೋನ್ ಔಟ್‌ಗೆ ಅಡಾಪ್ಟರ್ ಹಾಕಿ ಮಾಮೂಲಿ 6.35 ಜಾಕ್ ಇರುವ ಹೆಡ್‌ಫೋನ್ ಚುಚ್ಚಬೇಡಿ. ಎಡ ಬಲದ ಮೈನಸ್‌ಗಳು ಒಂದಕ್ಕೊಂದು ಶಾರ್ಟ್ ಆಗಿ ಔಟ್‌ಪುಟ್ ಸುಡಬಹುದು. ಬ್ಯಾಲೆನ್ಸ್ಡ್ ಕೇಬಲ್‌ಗೆ ಅಡಾಪ್ಟರ್ ಹಾಕಿ ಮಾಮೂಲಿ ಜಾಕ್‌ಗೆ ಸಿಕ್ಕಿಸುವುದಕ್ಕೆ ಅಡ್ಡಿಯಿಲ್ಲ.